ಮದುವೆ ಫೋಟೋ ತೆಗೆಯುವವರು ಬಹಳ, ಕೊಡುವವರು ಯಾರು?

ನಮ್ಮ ಅಕ್ಕನ ಮದುವೆ ಆಲ್ಬಮ್ ಮನೆಗೆ ಬಂದದ್ದು ಅವಳ ಸೀಮಂತಕ್ಕೆ ಎರಡು ದಿನ ಇರುವಾಗ. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಅಮ್ಮ ಮಾರ್ಕೆಟ್ಟಿಗೆ ಹೋಗುವ ದಾರಿಯನ್ನೇ ಬದಲಿಸಿಕೊಂಡಿದ್ದರು, ಸ್ಟುಡಿಯೋದವನ ಮುಖ ಕಂಡರೆ ಜಗಳ ಆಗುತ್ತೆ ಅಂತ. ಫೋಟೋ ಕೆಟ್ಟದಾಗಿದ್ದವಾ ಅಂದ್ರೆ, ಇಲ್ಲ. ಚೆನ್ನಾಗೇ ಇದ್ದವು. ಈಗ ಒಳ್ಳೆ ಕ್ಯಾಮೆರಾ ಎಲ್ಲರ ಹತ್ತಿರವೂ ಇದೆ, ಚೆನ್ನಾಗಿ ತೆಗೆಯುವವರು ತಾಲ್ಲೂಕಿಗೆ ಹತ್ತು ಜನ ಸಿಗುತ್ತಾರೆ. ಹೇಳಿದ ದಿನ ತಾವೇ ಬಂದು, ತೆಗೆದದ್ದನ್ನು ಜೋಪಾನ ಮಾಡಿ, ಹೇಳಿದ ಹೊತ್ತಿಗೆ ಕೈಗೆ ಕೊಡುವವರು ಕಮ್ಮಿ.

ಹಾಗಾಗಿ ತಂಗಿ ಮದುವೆಗೆ ಈ ಜವಾಬ್ದಾರಿ ನಾನೇ ತಗೊಂಡೆ. ಹಾಸನದಲ್ಲಿ ಮದುವೆ, ಹಿಂದಿನ ಸಂಜೆ ಆರತಕ್ಷತೆ, ಬೆಳಿಗ್ಗೆ ಧಾರೆ. ಐದು ಕಡೆ ರೇಟು ಕೇಳಿದೆ. ಎಲ್ಲಕ್ಕಿಂತ ಕಮ್ಮಿ 55 ಸಾವಿರ, ಎಲ್ಲಕ್ಕಿಂತ ಜಾಸ್ತಿ 2 ಲಕ್ಷ 80 ಸಾವಿರ. ಮಜಾ ಏನು ಗೊತ್ತಾ, ಎರಡೂ ಕಡೆಯವರು ಕಳಿಸಿದ ಪಟ್ಟಿ ಹೆಚ್ಚೂಕಡಿಮೆ ಒಂದೇ. ಇಬ್ಬರು ಫೋಟೋಗೆ, ಇಬ್ಬರು ವಿಡಿಯೋಗೆ, ಡ್ರೋನ್, ಆಲ್ಬಮ್. ಪಟ್ಟಿ ನೋಡಿ ಆರಿಸಲು ಹೋದರೆ 55 ಸಾವಿರದವನೇ ಗೆಲ್ಲುತ್ತಾನೆ. ವ್ಯತ್ಯಾಸ ಇರುವುದು ಪಟ್ಟಿಯಲ್ಲಿ ಬರೆಯದ ವಿಷಯಗಳಲ್ಲಿ.

ಊರಿನ ಸ್ಟುಡಿಯೋ

ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಫ್ರೇಮ್ ಕೆಲಸದ ಜೊತೆ ಮದುವೆಯನ್ನೂ ಒಪ್ಪಿಕೊಳ್ಳುವವರು. ಇವರ ದೊಡ್ಡ ಗುಣ ಅಂದ್ರೆ ಓಡಿಹೋಗಲು ಆಗುವುದಿಲ್ಲ. ಅಂಗಡಿ ಅಲ್ಲೇ ಇರುತ್ತದೆ, ನಿಮ್ಮ ಭಾವನ ಮನೆಯ ಗೃಹಪ್ರವೇಶಕ್ಕೂ ಅವರೇ ಬಂದಿರುತ್ತಾರೆ. ಛತ್ರದ ಯಾವ ಮೂಲೆಯಲ್ಲಿ ಬೆಳಕಿಲ್ಲ, ಯಾವ ಪುರೋಹಿತರು ಕ್ಯಾಮೆರಾಗೆ ಬೆನ್ನು ಹಾಕಿಯೇ ಕೂರುತ್ತಾರೆ, ಎಲ್ಲ ಗೊತ್ತು. ಗ್ರೂಪ್ ಫೋಟೋದಲ್ಲಂತೂ ಇವರನ್ನು ಮೀರಿಸುವವರಿಲ್ಲ. 'ಅಜ್ಜಿ, ಸ್ವಲ್ಪ ಈ ಕಡೆ. ಪಿಂಕ್ ಸೀರೆ ಮೇಡಂ, ಮಗೂನ ಎತ್ಕೊಳ್ಳಿ' ಅನ್ನುತ್ತಾ ನಾನೂರು ಜನರನ್ನು ವೇದಿಕೆಯಿಂದ ದಾಟಿಸಿಬಿಡುತ್ತಾರೆ.

ತೊಂದರೆ ಬರುವುದು ಒಳ್ಳೆ ಮುಹೂರ್ತದ ದಿನ. ವೈಶಾಖದ ಒಂದು ಭಾನುವಾರ ಊರಿನ ಎಲ್ಲ ಛತ್ರಗಳೂ ಭರ್ತಿ. ಅವತ್ತು ಒಂದೇ ಸ್ಟುಡಿಯೋ ಮೂರು ಮದುವೆ ಒಪ್ಪಿಕೊಂಡಿರುತ್ತದೆ. ಯಜಮಾನರು ಒಂದಕ್ಕೆ ಹೋಗುತ್ತಾರೆ, ಉಳಿದೆರಡಕ್ಕೆ ಹೊರಗಿನ ಹುಡುಗರು ದಿನಗೂಲಿಗೆ ಬರುತ್ತಾರೆ. ಹುಡುಗರು ಕೆಟ್ಟವರು ಅಂತಲ್ಲ. ಆದರೆ ನೀವು ನೋಡಿ ಮೆಚ್ಚಿದ ಆಲ್ಬಮ್ ತೆಗೆದದ್ದು ಅವರಲ್ಲ. ಅಕ್ಕನ ಮದುವೆಯಲ್ಲಿ ಆದದ್ದು ಇದೇ. ಬಂದವನು ಬೇರೆ, ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದುಕೊಂಡು ಹೋದವನು ಬೇರೆ, ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು. ಇನ್ನೊಂದು ಚಿಕ್ಕ ದೂರು: ಎಲ್ಲರ ಮುಖವನ್ನೂ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡುವ ಚಟ ಕೆಲವರಿಗೆ ಇನ್ನೂ ಹೋಗಿಲ್ಲ. ಬೇಡ ಅಂದ್ರೆ ಬಿಡುತ್ತಾರೆ, ಆದರೆ ಮೊದಲೇ ಹೇಳಬೇಕು.

ಬೆಂಗಳೂರಿನ ಕ್ಯಾಂಡಿಡ್ ತಂಡ

ಕ್ಯಾಂಡಿಡ್ ಅಂದ್ರೆ ಪೋಸ್ ಕೊಡಿಸದೆ, ನಡೆಯುತ್ತಿರುವುದನ್ನು ಹಾಗೇ ತೆಗೆಯುವುದು. ಇವರ ಕೆಲಸ ನೋಡಿದರೆ ಎರಡನೇ ಸಲ ಮದುವೆ ಆಗೋಣ ಅನಿಸುತ್ತದೆ. ಕರಾರು ಪತ್ರ ಕಳಿಸುತ್ತಾರೆ, ಮೇಲ್‌ಗೆ ಉತ್ತರ ಬರುತ್ತದೆ, ಬಣ್ಣ ಹದವಾಗಿರುತ್ತದೆ, ಹೈಲೈಟ್ಸ್ ವಿಡಿಯೋ ನೋಡಿದ ಚಿಕ್ಕಮ್ಮಂದಿರು ಕಣ್ಣೊರೆಸಿಕೊಳ್ಳುತ್ತಾರೆ. ಹೊರಊರಾದರೆ ಓಡಾಟ, ರೂಮು, ಊಟ ನಿಮ್ಮದೇ. ದೊಡ್ಡ ತಂಡವಾದರೆ ಹೇಳಿದ ರೇಟಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿಯೂ ಬರಬಹುದು. 2 ಲಕ್ಷ ಅಂದದ್ದು 2 ಲಕ್ಷ 36 ಸಾವಿರ ಆಗುವುದು ಹೀಗೆ. 'ಜಿಎಸ್‌ಟಿ ಸೇರಿಯೋ, ಬಿಟ್ಟೋ?' ಅಂತ ಮೊದಲ ಫೋನಿನಲ್ಲೇ ಕೇಳಿ.

ಇವರಿಗೆ ಯಾರು ಯಾರಿಗೆ ಏನಾಗಬೇಕು ಅನ್ನುವುದು ಗೊತ್ತಿರುವುದಿಲ್ಲ. ನಮ್ಮ ಕಸಿನ್ ಮದುವೆಯಲ್ಲಿ ಇಂಥ ತಂಡ ಬಂದಿತ್ತು. ಮೆಹಂದಿ ಕೈಯ ಫೋಟೋ ನಲವತ್ತು, ನಾದಸ್ವರದವರ ಗಡಿಯಾರದ್ದು ಒಂದು, ಹೂವಿನ ಬುಟ್ಟಿಯದ್ದು ಎಂಟು. ಕಾಲಿಗೆ ಪೆಟ್ಟಾಗಿದ್ದರೂ ಮೈಸೂರಿನಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ ದೊಡ್ಡಪ್ಪನದ್ದು ಒಂದೂ ಇಲ್ಲ. ದೊಡ್ಡಪ್ಪ ಈಗಲೂ ಅದನ್ನು ಎತ್ತಾಡುತ್ತಾರೆ. ತಪ್ಪು ತಂಡದ್ದೊಂದೇ ಅಲ್ಲ, ಮನೆಯವರು ಒಬ್ಬರನ್ನು ಜೊತೆಗೆ ಬಿಟ್ಟು ತೋರಿಸಬೇಕಿತ್ತು.

ಪದ್ಧತಿಯ ಪ್ರಶ್ನೆಯೂ ಇದೆ. ಕೊಡವರ ಮದುವೆಯಲ್ಲಿ ಬಾಳೆ ಕಡಿಯುವುದು, ಗಂಗಾಪೂಜೆಯಲ್ಲಿ ನೀರು ಹೊತ್ತು ಬರುವ ಮದುಮಗಳನ್ನು ಅಡ್ಡಗಟ್ಟಿ ಕುಣಿಯುವುದು, ಇವನ್ನು ಮೊದಲೇ ನೋಡಿರದವನು ತಪ್ಪು ಜಾಗದಲ್ಲಿ ನಿಂತಿರುತ್ತಾನೆ. ಉತ್ತರ ಕರ್ನಾಟಕದ ಅಕ್ಷತೆಗೂ ಕರಾವಳಿಯ ಧಾರೆಗೂ ನಿಲ್ಲುವ ಜಾಗ ಬೇರೆ, ಹೊತ್ತು ಬೇರೆ. 'ನಮ್ಮ ಕಡೆಯ ಮದುವೆ ಎಷ್ಟು ಮಾಡಿದ್ದೀರಿ?' ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹಾಗೆಯೇ ಮದುಮಗಳ ಅಲಂಕಾರದ ಕೋಣೆಗೆ, ಅಥವಾ ನಿಕಾಹ್‌ನಲ್ಲಿ ಹೆಂಗಸರ ಕಡೆಗೆ, ಮಹಿಳಾ ಫೋಟೋಗ್ರಾಫರ್ ಬೇಕು ಅನಿಸಿದರೆ ಈಗಲೇ ಹೇಳಿ. ಹಿಂದಿನ ದಿನ ಕೇಳಿದರೆ ಯಾರೂ ಸಿಗುವುದಿಲ್ಲ.

ಒಂಟಿ ಫ್ರೀಲ್ಯಾನ್ಸರ್

ಕೊಟ್ಟ ದುಡ್ಡಿಗೆ ಅತಿ ಒಳ್ಳೆ ಫೋಟೋ ಬರುವುದು ಇವರಿಂದ, ಇದು ನನ್ನ ಅಭಿಪ್ರಾಯ. ಮಾತಾಡಿದವನೇ ಬರುತ್ತಾನೆ, ಬಂದವನೇ ಎಡಿಟ್ ಮಾಡುತ್ತಾನೆ, ಹೆಸರು ಮಾಡಬೇಕೆಂಬ ಹಸಿವಿರುತ್ತದೆ. ಅಪಾಯವೂ ಅಲ್ಲೇ. ಎಲ್ಲ ಒಬ್ಬನ ಮೇಲೆ. ಬಹಳ ಜನ ವಾರವಿಡೀ ಬೇರೆ ಕೆಲಸಕ್ಕೆ ಹೋಗಿ, ರಾತ್ರಿ ಕೂತು ಎಡಿಟ್ ಮಾಡುವವರು. ಇವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: 'ಅವತ್ತು ನಿಮಗೆ ಜ್ವರ ಬಂದರೆ ಯಾರು ಬರುತ್ತಾರೆ?' ಒಳ್ಳೆಯವರು ತಕ್ಷಣ ಒಂದು ಹೆಸರು, ಒಂದು ನಂಬರ್ ಕೊಡುತ್ತಾರೆ. 'ಹಾಗೆಲ್ಲ ಆಗಲ್ಲ ಸರ್' ಅಂತ ನಕ್ಕರೆ ಮುಂದಿನವರನ್ನು ನೋಡಿ.

ಛತ್ರದ ಪ್ಯಾಕೇಜ್, ಮನೆಯ ಹುಡುಗ

ಹೂವು, ಊಟ, ಮಂಟಪದ ಜೊತೆ ಫೋಟೋ 'ಫ್ರೀ' ಅಂದರೆ, ಇವೆಂಟಿನವರು ತಮ್ಮ ಲಾಭ ಇಟ್ಟುಕೊಂಡು ಇನ್ನೊಬ್ಬರಿಗೆ ವಹಿಸಿದ್ದಾರೆ ಎಂದೇ ಅರ್ಥ. ಆಲ್ಬಮ್ ತಡವಾದರೆ ಫೋಟೋದವನು ಅವರನ್ನು ತೋರಿಸುತ್ತಾನೆ, ಅವರು ಇವನನ್ನು. ಆ ಭಾಗ ಕಳೆದು ರೇಟು ಹೇಳಿ ಅನ್ನಿ.

ಮನೆಯ ಹುಡುಗ ಒಳ್ಳೆ ಕ್ಯಾಮೆರಾ ಇಟ್ಟುಕೊಂಡಿದ್ದರೂ ಅವನಿಗೆ ಮದುವೆ ಒಪ್ಪಿಸಬೇಡಿ. ಪಂಕ್ತಿಯಲ್ಲಿ ಬಡಿಸಲು ಅವನೇ ಬೇಕು, ಬಸ್ ಸ್ಟ್ಯಾಂಡಿನಿಂದ ಅತ್ತೆಯನ್ನು ಕರೆತರಲು ಅವನೇ ಬೇಕು. ಫೋಟೋ ಕೆಟ್ಟರೆ ಬೈಯುವ ಹಾಗೂ ಇಲ್ಲ. ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರಕ್ಕೆ ಮಾತ್ರ ಬಿಡಿ, ಅಲ್ಲಿ ಅವನ ಫೋಟೋಗಳೇ ಚೆನ್ನಾಗಿರುತ್ತವೆ.

ಅಂತರಪಟ ಸರಿಯುವ ಹೊತ್ತು

ಇನ್‌ಸ್ಟಾಗ್ರಾಮ್ ಪೇಜಿನಲ್ಲಿರುವುದು ನೂರು ಮದುವೆಯ ನೂರು ಫೋಟೋ. ಕೆಲವು ಮದುವೆಯದ್ದೇ ಅಲ್ಲ, ಮಾಡೆಲ್‌ಗಳಿಗೆ ಸೀರೆ ಉಡಿಸಿ ತೆಗೆದದ್ದು. ಇನ್ನು ಕೆಲವು ಬೇರೆಯವರದ್ದೇ ಆಗಿರಬಹುದು. ಅನುಮಾನ ಬಂದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಅದರ ಬದಲು ಒಂದೇ ಮದುವೆಯ ಎಲ್ಲ ಫೋಟೋ ಕೇಳಿ, ಮನೆಯವರಿಗೆ ಕೊಟ್ಟ ಅಷ್ಟೂ. ನಿಮ್ಮ ಛತ್ರದ ಹಾಗೆಯೇ ಟ್ಯೂಬ್‌ಲೈಟ್ ಬೆಳಕಿನ, ಬೆಳಗಿನ ಮುಹೂರ್ತದ ಮದುವೆ ಆದರೆ ಇನ್ನೂ ಒಳ್ಳೆಯದು.

ಅದರಲ್ಲಿ ನೇರವಾಗಿ ಧಾರೆಗೆ ಹೋಗಿ. ಗಂಡು ಹೆಣ್ಣು ಎದುರುಬದುರು ನಿಂತಿದ್ದಾರೆ, ನಡುವೆ ಅಂತರಪಟ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು 'ಸಾವಧಾನ' ಅನ್ನುತ್ತಿದ್ದಾರೆ. ಪಟ ಸರಿಯಿತು, ಜೀರಿಗೆ ಬೆಲ್ಲ ಒಬ್ಬರ ತಲೆ ಮೇಲೆ ಇನ್ನೊಬ್ಬರು ಇಟ್ಟದ್ದೂ ಆಯಿತು. ಮೂರು ನಾಲ್ಕು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಹುಡುಗಿಯ ಮುಖ ಒಬ್ಬರು ಹಿಡಿಯಬೇಕು, ಹುಡುಗನ ಮುಖ ಇನ್ನೊಬ್ಬರು. ಸುತ್ತ ಅಕ್ಷತೆ ಹಿಡಿದು ನಿಂತ ಸೋದರಮಾವಂದಿರ ಕೈ ಅಡ್ಡ ಬರುತ್ತದೆ, ನೂರು ಮೊಬೈಲ್ ಅಡ್ಡ ಬರುತ್ತವೆ. ಗೊತ್ತಿರುವವನು ಹತ್ತು ನಿಮಿಷ ಮೊದಲೇ ಪುರೋಹಿತರ ಹತ್ತಿರ ಮಾತಾಡಿ ಜಾಗ ಹಿಡಿದಿರುತ್ತಾನೆ. ಗೊತ್ತಿಲ್ಲದವನ ಆಲ್ಬಮ್‌ನಲ್ಲಿ ಎರಡೇ ಫೋಟೋ ಇರುತ್ತವೆ, ಪಟ ಇರುವುದು ಒಂದು, ಪಟ ಹೋದದ್ದು ಒಂದು. ನಡುವಿನದ್ದು ಇಲ್ಲ.

ಮಾಂಗಲ್ಯಧಾರಣೆಯಲ್ಲೂ ಹೀಗೇ ನೋಡಿ. ಗಟ್ಟಿಮೇಳದ ಹೊತ್ತಿಗೆ ತೆಗೆದದ್ದಾ, ಆಮೇಲೆ 'ಸಾರ್, ಇನ್ನೊಂದ್ಸಲ ಕಟ್ಟೋ ಥರ ಹಿಡ್ಕೊಳ್ಳಿ' ಅಂತ ತೆಗೆಸಿದ್ದಾ? ಹುಡುಗನ ಕಣ್ಣು ಕ್ಯಾಮೆರಾ ಕಡೆ ಇದ್ದರೆ ಉತ್ತರ ಗೊತ್ತಾಗುತ್ತದೆ. ಹೋಮದ ಹೊಗೆಯಲ್ಲಿ ಮುಖ ಕಾಣುತ್ತಿದೆಯಾ, ಹೆಣ್ಣು ಒಪ್ಪಿಸುವಾಗ ಅಪ್ಪನ ಮುಖ ಇದೆಯಾ, ಅದನ್ನೂ ನೋಡಿ. ಉಳಿದದ್ದು ಸುಮ್ನೆ ತಿರುವಿ ಹಾಕಿದರೂ ಸಾಕು.

ಪೂರ್ತಿ ಮದುವೆ ತೋರಿಸಲು 'ಪ್ರೈವೆಸಿ ಸರ್' ಅಂದರೆ ಬೇಜಾರಾಗಬೇಡಿ, ಅದು ಒಳ್ಳೆ ಲಕ್ಷಣವೇ. ಮನೆಯವರನ್ನು ಕೇಳಿ ಅವರ ಅಂಗಡಿಯಲ್ಲೇ ಕೂರಿಸಿ ತೋರಿಸಬಹುದಲ್ವಾ? ಅದಕ್ಕೂ ಆಗಲ್ಲ ಅಂದರೆ ಮಾತ್ರ ಯೋಚಿಸಿ. ಜೊತೆಗೆ, ಒಂದು ವರ್ಷದೊಳಗೆ ಮದುವೆ ಮಾಡಿಸಿದ ಇಬ್ಬರ ನಂಬರ್ ಕೇಳಿ ಫೋನ್ ಮಾಡಿ. 'ಫೋಟೋ ಚೆನ್ನಾಗಿದೆಯಾ' ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. 'ಮಾತಾಡಿದವರೇ ಬಂದಿದ್ರಾ? ಆಲ್ಬಮ್ ಎಷ್ಟು ತಿಂಗಳಿಗೆ ಸಿಕ್ತು?' ಇಷ್ಟೇ ಕೇಳಿ ಸುಮ್ಮನಿರಿ. ಮಿಕ್ಕದ್ದು ಅವರೇ ಹೇಳುತ್ತಾರೆ.

ಕಾರ್ಡಿನಿಂದ ಮನೆಗೆ

ಕ್ಯಾಮೆರಾ ಯಾವ ಕಂಪನಿಯದ್ದು ಅಂತ ಕೇಳುವವರು ಬಹಳ. ಅದು ನನಗೆ ಮುಖ್ಯ ಅನಿಸುವುದಿಲ್ಲ. ಎರಡು ಕಾರ್ಡ್ ಹಾಕಲು ಜಾಗ ಇದೆಯಾ ಅನ್ನುವುದು ಮುಖ್ಯ. ಒಂದೇ ಫೋಟೋ ಎರಡು ಕಾರ್ಡಿನಲ್ಲೂ ಕೂತರೆ, ಒಂದು ಕೆಟ್ಟರೂ ಮದುವೆ ಉಳಿಯುತ್ತದೆ. ದುಬಾರಿ ಅಂದಾಕ್ಷಣ ಎರಡು ಜಾಗ ಇರುತ್ತದೆ ಅಂತಲ್ಲ. 2018ರಲ್ಲಿ ಬಂದ ನಿಕಾನ್ ಜೆಡ್6, ಕ್ಯಾನನ್ ಇಒಎಸ್ ಆರ್ ಎರಡರಲ್ಲೂ ಒಂದೇ ಕಾರ್ಡಿಗೆ ಜಾಗ. ಅದೇ ವರ್ಷದ ಸೋನಿ ಎ7 IIIರಲ್ಲಿ ಎರಡು ಕಾರ್ಡಿಗೆ.

ಮದುವೆ ರಾತ್ರಿ ಆ ಕಾರ್ಡುಗಳು ಎಲ್ಲಿಗೆ ಹೋಗುತ್ತವೆ? ಇದನ್ನು ಕೇಳಿದಾಗ ಐದರಲ್ಲಿ ಇಬ್ಬರು ನನಗೆ ಸರಿಯಾಗಿ ಉತ್ತರ ಕೊಟ್ಟರು. ಮನೆಗೆ ಹೋದ ತಕ್ಷಣ ಎರಡು ಹಾರ್ಡ್ ಡಿಸ್ಕಿಗೆ ಹಾಕುತ್ತೇವೆ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಆಲ್ಬಮ್ ಕೊಡುವವರೆಗೂ ಅಳಿಸುವುದಿಲ್ಲ ಅಂದರು. ಉಳಿದವರು 'ಕಂಪ್ಯೂಟರ್‌ನಲ್ಲಿ ಇರುತ್ತೆ ಸರ್' ಅಂದರು. ಆ ಕಂಪ್ಯೂಟರ್ ಕೆಟ್ಟರೆ ಏನು ಗತಿ?

ನೀವೇ ಒಂದು 1 ಟಿಬಿ ಹಾರ್ಡ್ ಡಿಸ್ಕ್ ತಂದುಕೊಡಿ, ಒಂದು ವಾರದೊಳಗೆ ಎಲ್ಲವನ್ನೂ ಅದಕ್ಕೆ ಹಾಕಿಸಿಕೊಳ್ಳಿ. ಪೆನ್‌ಡ್ರೈವ್ ಸಾಲದು. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ (ಕ್ಯಾಮೆರಾದಿಂದ ಬಂದ ಹಾಗೇ ಇರುವ, ಎಡಿಟ್ ಮಾಡದ ಫೈಲ್) ಸುಮಾರು 25 ಎಂಬಿ, ನಾಲ್ಕು ಸಾವಿರ ಫೋಟೋ ಅಂದರೆ 100 ಜಿಬಿ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ತೆಗೆದರೆ ಒಂದು ಗಂಟೆಗೇ 45 ಜಿಬಿ ತಿನ್ನುತ್ತದೆ. ಕೆಲವರು ರಾ ಫೈಲ್ ಕೊಡುವುದಿಲ್ಲ, ಅರ್ಧ ಬೇಯಿಸಿದ ಅಡುಗೆ ಬಡಿಸಿದ ಹಾಗೆ ಅಂತ ಅವರ ವಾದ. ಅದು ತಪ್ಪಲ್ಲ. ಆದರೆ ಎಲ್ಲ ಫೋಟೋಗಳ ಜೆಪೆಗ್, ಅಂದರೆ ಫೋನಿನಲ್ಲೂ ತೆರೆಯುವ ಮಾಮೂಲಿ ಫೈಲ್ ಆದರೂ ಕೈಗೆ ಬರಲೇಬೇಕು. ಅಷ್ಟಾದರೆ ಆಲ್ಬಮ್ ತಡವಾದರೂ ಮದುವೆ ನಿಮ್ಮ ಹತ್ತಿರ ಇರುತ್ತದೆ.

ವಾಟ್ಸಾಪ್ ಮೆಸೇಜ್ ಸಾಕು

ಊರಿನ ಸ್ಟುಡಿಯೋದವರ ಮುಂದೆ ಕರಾರು ಪತ್ರ ಹಿಡಿದರೆ ಅವರಿಗೂ ಇರುಸುಮುರುಸು, ನಮಗೂ. ನಾನು ಮಾಡಿದ್ದು ಇಷ್ಟು. ಮಾತು ಮುಗಿಸಿ ಬಂದ ರಾತ್ರಿ ಹೀಗೆ ಕಳಿಸಿದೆ:

'ನಮಸ್ಕಾರ ಸರ್. ಇವತ್ತು ಮಾತಾಡಿದ್ದನ್ನು ಮರೆಯದಿರಲಿ ಅಂತ ಬರೆದಿಡ್ತಿದ್ದೀನಿ. ಆರತಕ್ಷತೆ ಸಂಜೆ 5ರಿಂದ ರಾತ್ರಿ 11, ಧಾರೆ ಬೆಳಿಗ್ಗೆ 6ರಿಂದ ಹೆಣ್ಣು ಒಪ್ಪಿಸೋವರೆಗೆ. ಫೋಟೋಗೆ ನೀವೇ ಬರ್ತೀರಿ, ವಿಡಿಯೋಗೆ ಇನ್ನೊಬ್ಬರು. ಎಲ್ಲ ಫೋಟೋ ಒಂದು ವಾರದೊಳಗೆ ನಮ್ಮ ಹಾರ್ಡ್ ಡಿಸ್ಕಿಗೆ. ಆಲ್ಬಮ್ 12 ಇಂಟು 36 ಇಂಚು, 40 ಶೀಟು, ನಾವು ಫೋಟೋ ಆರಿಸಿಕೊಟ್ಟ 60 ದಿನಕ್ಕೆ. ಒಟ್ಟು 70 ಸಾವಿರ. ಈಗ 20, ಮದುವೆ ದಿನ 30, ಆಲ್ಬಮ್ ಕೊಟ್ಟಾಗ 20. ನಮ್ಮನ್ನು ಕೇಳದೆ ಫೋಟೋ ಎಲ್ಲೂ ಹಾಕೋದು ಬೇಡ. ಸರಿ ಇದೆಯಾ ಸರ್?'

'ಓಕೆ ಸರ್' ಅಂತ ಬಂತು, ಕೈ ಮುಗಿದ ಚಿತ್ರದ ಜೊತೆ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಶೀಟಿನ ಲೆಕ್ಕದಲ್ಲಿ ಮೋಸ ಹೋಗುವವರು ಬಹಳ. ಶೀಟು ಅಂದರೆ ಆಲ್ಬಮ್ ಬಿಚ್ಚಿದಾಗ ಎದುರಿಗೆ ಕಾಣುವ ಎರಡು ಪುಟ. 40 ಶೀಟಿಗೆ 80 ಪುಟ ಬರಬೇಕು. '40 ಪುಟ' ಅಂತ ಬರೆಸಿಕೊಂಡರೆ ಬರುವುದು 20 ಶೀಟು. ಒಂದು ಶೀಟಿಗೆ ನಾಲ್ಕು ಫೋಟೋದಂತೆ ಹಿಡಿದರೂ 40 ಶೀಟಿಗೆ 160 ಆಯಿತು. ನಾಲ್ಕು ಸಾವಿರದಿಂದ ಇಷ್ಟನ್ನು ಆರಿಸುವುದೇ ದೊಡ್ಡ ಕೆಲಸ. ನಿಜ ಹೇಳಬೇಕಂದರೆ ಆಲ್ಬಮ್ ತಡವಾಗುವುದರಲ್ಲಿ ಅರ್ಧ ಪಾಲು ನಮ್ಮದೇ. ಹನಿಮೂನ್ ಮುಗಿಯಲಿ, ಹಬ್ಬ ಮುಗಿಯಲಿ ಅಂತ ಮೂರು ತಿಂಗಳು ಆರಿಸದೇ ಕೂರುತ್ತೇವೆ. ಮದುವೆ ಮುಗಿದ ಮೇಲೆ ಬಾಕಿ ದುಡ್ಡಿಗೆ ಫೋನ್ ಎತ್ತದ ಮನೆಗಳೂ ಇವೆ. ಆ ಪೆಟ್ಟು ತಿಂದವರು ಮದುವೆ ದಿನವೇ ಪೂರ್ತಿ ದುಡ್ಡು ಕೇಳುತ್ತಾರೆ. ಪೂರ್ತಿ ಕೊಡಬೇಡಿ. ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿದಿಟ್ಟುಕೊಳ್ಳುವುದೂ ನ್ಯಾಯ ಅಲ್ಲ, ಹುಡುಗರ ಕೂಲಿ ಅವರು ಅವತ್ತೇ ಕೊಟ್ಟಿರುತ್ತಾರೆ.

ಬೆಂಗಳೂರಿನ ತಂಡದವರ ಛಾಪಿಸಿದ ಕರಾರಿನಲ್ಲಿ ಹಕ್ಕಿನ ಸಾಲನ್ನು ಓದಿಯೇ ಸಹಿ ಹಾಕಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು. ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. 'ಎಲ್ಲ ಹಕ್ಕು ಸಂಸ್ಥೆಯದ್ದು' ಅಂತ ಚಿಕ್ಕ ಅಕ್ಷರದಲ್ಲಿದ್ದು ನೀವು ಸಹಿ ಹಾಕಿದರೆ ಆ ಹಕ್ಕು ಹೋಯಿತು. ನಿಮ್ಮ ಮಗಳ ಫೋಟೋ ಅವರ ಜಾಹೀರಾತಿನಲ್ಲಿ ಕಂಡರೆ ಕೇಳುವುದು ಕಷ್ಟವಾಗುತ್ತದೆ. ಆ ಸಾಲು ಹೊಡೆದುಹಾಕಿ ಅಂದರೆ ಬಹಳಷ್ಟು ಜನ ಒಪ್ಪುತ್ತಾರೆ.

ದುಡ್ಡು ಕೊಟ್ಟೂ ಫೋಟೋ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಕೆಲಸಕ್ಕೆ ಬರುವುದು ಮೇಲಿನಂಥ ಮೆಸೇಜು ಮತ್ತು ಯುಪಿಐ ರಸೀದಿ. ಅಕ್ಕನ ಮದುವೆಯಲ್ಲಿ ನಮ್ಮ ಹತ್ತಿರ ಎರಡೂ ಇರಲಿಲ್ಲ. ಕವರಿನಲ್ಲಿ ನೋಟು ಹಾಕಿ, ಎಲೆ ಅಡಿಕೆ ಜೊತೆ ಕೊಟ್ಟಿದ್ದೆವು.

ಡ್ರೋನ್ ಬಗ್ಗೆ ಒಂದೇ ಮಾತು. 250 ಗ್ರಾಂ ದಾಟಿದ ಡ್ರೋನನ್ನು ದುಡಿಮೆಗೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು. ಇದೆಯಾ ಕೇಳಿ. ಛತ್ರದೊಳಗಿನ ಮದುವೆಗಾದರೆ ಡ್ರೋನೇ ಬೇಡ, ಆ ದುಡ್ಡಿಗೆ ಇನ್ನೊಬ್ಬ ಫೋಟೋಗ್ರಾಫರ್ ಬರುತ್ತಾನೆ.

ನಾವು ಆರಿಸಿದ್ದು

ಅಂಗಡಿಗೆ ಹೋಗಿ ನೋಡುವುದಾದರೆ ಆಷಾಢದಲ್ಲಿ ಹೋಗಿ. ಮದುವೆ ಇಲ್ಲದ ತಿಂಗಳು, ಕೂತು ಮಾತಾಡಲು ಅವರಿಗೂ ಪುರುಸೊತ್ತು. ನಾನು ಹೋದದ್ದೂ ಆಗಲೇ. ಒಂದು ಅಂಗಡಿಯ ಮೂಲೆಯಲ್ಲಿ ಹಾರ್ಡ್ ಡಿಸ್ಕುಗಳ ಮೇಲೆ ಹೆಸರು, ತಾರೀಕು ಬರೆದ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದ್ದರು. ಎಲ್ಲಕ್ಕಿಂತ ಹಳೆಯ ಬಾಕಿ ಚೈತ್ರದ್ದು. ಯಜಮಾನರು ಮಾತಿನಲ್ಲಿ ಅಷ್ಟು ಚುರುಕಿಲ್ಲ, ಪೇಜಿನಲ್ಲಿ ಫಾಲೋಯರ್ಸ್ ಮುನ್ನೂರು. ಆ ಚೀಟಿಗಳನ್ನು ನೋಡಿ ಅವರಿಗೇ ಅಡ್ವಾನ್ಸ್ ಕೊಟ್ಟೆ. ಕ್ಯಾಂಡಿಡ್‌ಗೆ ಬೇರೆಯಾಗಿ ಒಬ್ಬ ಫ್ರೀಲ್ಯಾನ್ಸರ್ ಹುಡುಗಿ, 45 ಸಾವಿರ. ಎಲ್ಲ ಸೇರಿ 1 ಲಕ್ಷ 15 ಸಾವಿರ. ಹೀಗೆ ಎರಡು ಕಡೆಯವರನ್ನು ಕರೆದರೆ ಇಬ್ಬರಿಗೂ ಮೊದಲೇ ಒಮ್ಮೆ ಮಾತಾಡಿಸಿ. ಇಲ್ಲದಿದ್ದರೆ ಮಂಟಪದ ಮೇಲೆ ಒಬ್ಬರ ಫ್ರೇಮಿಗೆ ಒಬ್ಬರು ಅಡ್ಡ. ನಾವು ಧಾರೆಯಲ್ಲಿ ಮದುಮಗಳ ಮುಖ ಫ್ರೀಲ್ಯಾನ್ಸರ್ ಹುಡುಗಿಗೆ, ಮದುಮಗನ ಮುಖ ಯಜಮಾನರಿಗೆ ಅಂತ ಹಂಚಿಬಿಟ್ಟೆವು. ಪಕ್ಕದಲ್ಲಿ ನಮ್ಮ ಚಿಕ್ಕಪ್ಪನನ್ನು ನಿಲ್ಲಿಸಿದ್ದೆ, 'ಇವರು ಸೋದರತ್ತೆ, ಇವರದ್ದು ತೆಗೀರಿ' ಅನ್ನಲಿಕ್ಕೆ. ದೊಡ್ಡಪ್ಪನದ್ದು ಒಂಬತ್ತು ಫೋಟೋ ಬಂದಿದೆ.

ಆಲ್ಬಮ್ 52ನೇ ದಿನಕ್ಕೆ ಬಂತು. ಅಂಗಡಿಯಲ್ಲೇ ಕೂತು ಶೀಟು ಎಣಿಸಿದೆವು. 38 ಇತ್ತು. ಯಜಮಾನರು ಇನ್ನೊಮ್ಮೆ ತಾವೇ ಎಣಿಸಿದರು, ಫೋನ್ ತೆಗೆದು ನನ್ನ ಮೆಸೇಜು ನೋಡಿದರು, 'ಲ್ಯಾಬ್‌ನೋರು ಎರಡು ಬಿಟ್ಟಿದ್ದಾರೆ ಸರ್, ಬಾಕಿ ಇವತ್ತು ಬೇಡ' ಅಂತ ಆಲ್ಬಮ್ ಎತ್ತಿಟ್ಟುಕೊಂಡರು. ಮುಂದಿನ ಗುರುವಾರ 40 ಶೀಟಿನ ಆಲ್ಬಮ್ ಹಿಡಿದು ಮನೆಗೇ ಬಂದರು. ಅಮ್ಮ ಕಾಫಿ ಕೊಟ್ಟು, ಉಳಿದ 20 ಸಾವಿರವನ್ನು ಎಲೆ ಅಡಿಕೆ ಜೊತೆಯೇ ಕೊಡುತ್ತೇನೆ ಅಂತ ಹಟ ಹಿಡಿದರು. ನಾನು ಯುಪಿಐ ಮಾಡಿದೆ, ಅಮ್ಮ ಬರೀ ಎಲೆ ಅಡಿಕೆ ಕೊಟ್ಟರು.